ಪಿನ್ನು ಹಿತ್ತಾಳೆಯದಾದರೆ ಏನಂತೆ?

ನರ್ಸಿಂಗ್ ಓದು ಮುಗಿಸಿದ ಹುಡುಗಿಯರ ಎದೆಗೆ ಪದವಿಯ ದಿನ ಚುಚ್ಚುವ ಒಂದು ಪುಟ್ಟ ಪಿನ್ನಿನ ವಿಷಯಕ್ಕೆ ನಾನು ಜಗಳಕ್ಕೆ ನಿಂತಿದ್ದೇನೆ. "ಇದೇನ್ರೀ ಟೀಚರ್, ಒಂದು ಪಿನ್ನಿಗೆ ಇಷ್ಟು ರಂಪವೇ?" ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ನಕ್ಕವರುಂಟು. ನಗಲಿ. ಸಂಸಾರ ಮಾಡಿದ ಹೆಂಗಸರಿಗೆ ಗೊತ್ತು, ದೊಡ್ಡ ಅನ್ಯಾಯಗಳು ಮನೆಯೊಳಗೆ ಬರುವುದು ಸಣ್ಣ ಬಾಗಿಲಿನಿಂದಲೇ. ನನ್ನ ವಾದ ಇಷ್ಟೇ: ಆ ಪಿನ್ನು ಅಗ್ಗದ್ದಾಗಿರಬೇಕು, ತರಗತಿಗೆಲ್ಲ ಒಂದೇ ಬಗೆಯದಾಗಿರಬೇಕು, ಸಾಧ್ಯವಾದರೆ ಅದನ್ನು ಓದಿಸಿದ ಸಂಸ್ಥೆಯೇ ಕೊಡಬೇಕು. ಇದರಲ್ಲಿ ಅತಿಯಾದದ್ದು ಏನಿದೆ ಎಂದು ನೀವೇ ಓದಿ ಹೇಳಿ.

ಈ ಪದ್ಧತಿ ತಿಳಿಯದವರಿಗೆ ಎರಡು ಮಾತು. ನರ್ಸಿಂಗ್ ಸೇರಿದ ಹುಡುಗಿಯರು ಆಸ್ಪತ್ರೆಯ ವಾರ್ಡಿಗೆ ಕಾಲಿಡುವ ಹೊತ್ತಿಗೆ ಕೈಯಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಆ ಪ್ರತಿಜ್ಞೆಯನ್ನು ಆಕೆ ಬರೆದದ್ದಲ್ಲ. ೧೮೯೩ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಎಂಬ ನರ್ಸಿಂಗ್ ಶಿಕ್ಷಕಿಯ ನೇತೃತ್ವದಲ್ಲಿ ರೂಪುಗೊಂಡದ್ದು. ಓದು ಮುಗಿದಾಗ ಮತ್ತೊಂದು ಸಮಾರಂಭ. ಆಗ ಹಲವು ಸಂಸ್ಥೆಗಳು ತಮ್ಮ ಹೆಸರಿರುವ, ನಡುವೆ ದೀಪವೋ ಶಿಲುಬೆಯೋ ಇರುವ ಪಿನ್ನೊಂದನ್ನು ಹುಡುಗಿಯ ಸಮವಸ್ತ್ರಕ್ಕೆ ಚುಚ್ಚುತ್ತವೆ. ಒಳ್ಳೆಯ ಪದ್ಧತಿ. ನನ್ನ ತಕರಾರು ಪದ್ಧತಿಯ ಮೇಲಲ್ಲ, ಅದರ ಬಿಲ್ಲಿನ ಮೇಲೆ.

ನಮ್ಮೂರು ನಾಯಕನಹಟ್ಟಿ. ಮಳೆ ಕಡಿಮೆ, ಶೇಂಗಾ ಬಿತ್ತಿ ಆಕಾಶ ನೋಡುವ ಸೀಮೆ. ಇಲ್ಲಿಂದ ಚಳ್ಳಕೆರೆ, ಚಿತ್ರದುರ್ಗ, ದಾವಣಗೆರೆ, ಬೆಂಗಳೂರುಗಳಿಗೆ ನರ್ಸಿಂಗ್ ಓದಲು ಹೋಗುವ ಹುಡುಗಿಯರು ಹೆಚ್ಚಾಗಿ ಕುರಿ ಸಾಕುವವರ, ಕಂಬಳಿ ನೇಯುವವರ, ಕೂಲಿ ಮಾಡುವವರ ಮನೆಯವರು. ಪಿಯುಸಿ ಆದ ಮೇಲೆ ಬೇಗ ಕೆಲಸ ಸಿಗುವ ಓದು ಎಂದರೆ ಅವರ ಪಾಲಿಗೆ ಇದೇ. ಅಂಥ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಜಿ.ಎನ್.ಎಂ. ಕೊನೆಯ ವರ್ಷದಲ್ಲಿದ್ದವಳು, ತೇರಿಗೆ ಊರಿಗೆ ಬಂದಾಗ ನಮ್ಮ ಮನೆಗೂ ಬಂದಿದ್ದಳು. ಕೈಯಲ್ಲೊಂದು ಚೀಟಿ. "ಚಿನ್ನದ ಲೇಪನದ ಪದವಿ ಪಿನ್, ಮಖಮಲ್ಲಿನ ಪೆಟ್ಟಿಗೆ ಸಹಿತ, ರೂ. ೧,೨೦೦. ಬೆಳ್ಳಿಯದು ಬೇಕಾದವರು ಪ್ರತ್ಯೇಕವಾಗಿ ವಿಚಾರಿಸುವುದು. ಹಣ ಕಟ್ಟಿದವರನ್ನು ಮಾತ್ರ ವೇದಿಕೆಗೆ ಕರೆಯಲಾಗುವುದು."

"ಅಪ್ಪನಿಗೆ ಹೇಳಿದೆಯೇನಮ್ಮ?" ಎಂದೆ.

"ಇಲ್ಲ ಮಿಸ್. ಪರೀಕ್ಷೆ ಫೀಸಿಗೇ ಎರಡು ಕುರಿ ಮಾರಿದಾರೆ. ನಾನು ಫಂಕ್ಷನ್ನಿಗೆ ಹೋಗಲ್ಲ ಬಿಡಿ, ಮಾರ್ಕ್ಸ್ ಕಾರ್ಡ್ ಆಮೇಲೆ ತಗೊಂಡ್ರಾಯ್ತು."

ಯಾವ ಊರಿನ ಯಾವ ಸಂಸ್ಥೆ ಎಂದು ಇಲ್ಲಿ ಬರೆಯುವುದಿಲ್ಲ. ಹುಡುಗಿಯರ ಕಾಗದಪತ್ರ ಅವರ ಕೈಯಲ್ಲಿರುತ್ತವೆ. ಆದರೆ ಆ ಚೀಟಿಯ ಲೆಕ್ಕ ಹಾಕೋಣ. ೨೦೨೪-೨೫ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ ೩೪೯ ರೂಪಾಯಿ ಇತ್ತು. ಒಂದು ಪಿನ್ನಿಗಾಗಿ ಆ ಹುಡುಗಿಯ ತಂದೆಯೋ ತಾಯಿಯೋ ಸುಮಾರು ಮೂರೂವರೆ ದಿನ ಬಿಸಿಲಿನಲ್ಲಿ ಮಣ್ಣು ಹೊರಬೇಕು. ಮಗಳು ರೋಗಿಯ ಸೇವೆ ಕಲಿತಳು ಎಂಬುದಕ್ಕೆ ಗುರುತಾಗಿ ಅಪ್ಪನ ಬೆನ್ನು ಬಗ್ಗಬೇಕೇ?

ನಾನು ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ನಡುವೆ ಕಳೆದವಳು. ಗ್ರೂಪ್ ಫೋಟೋ ತೆಗೆಸುವ ದಿನ ಕೆಲವು ಮಕ್ಕಳಿಗೆ ತಪ್ಪದೆ ಹೊಟ್ಟೆನೋವು ಬರುತ್ತದೆ. ಪ್ರವಾಸದ ಹಣ ಕೊಡುವ ಕೊನೆಯ ದಿನ ಕೆಲವರ ಅಜ್ಜಿಗೆ ಹುಷಾರು ತಪ್ಪುತ್ತದೆ. ಯಾವ ಮಗುವೂ "ನಮ್ಮಲ್ಲಿ ದುಡ್ಡಿಲ್ಲ" ಎಂದು ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳುವುದಿಲ್ಲ. ಹೊಟ್ಟೆನೋವು ಎಂದರೆ ಮರ್ಯಾದೆ ಉಳಿಯುತ್ತದೆ. "ಹೋಗಲ್ಲ ಬಿಡಿ ಮಿಸ್" ಎಂದ ಹುಡುಗಿಯ ದನಿಯಲ್ಲಿ ನನಗೆ ಕೇಳಿಸಿದ್ದು ಅದೇ ಹೊಟ್ಟೆನೋವು. ಹತ್ತನೆಯ ತರಗತಿಯಲ್ಲಿ ಶುರುವಾದದ್ದು ಇಪ್ಪತ್ತೊಂದನೆಯ ವಯಸ್ಸಿಗೂ ಬಿಟ್ಟಿರಲಿಲ್ಲ.

ಇನ್ನು "ಘನತೆ"ಯ ಮಾತಿಗೆ ಬರೋಣ. ಚೀಟಿ ಕಳಿಸುವವರ ಬಾಯಲ್ಲಿ ಸದಾ ಇರುವ ಪದ ಇದು. ಅಗ್ಗದ ಪಿನ್ನು ಕೊಟ್ಟರೆ ವೃತ್ತಿಯ ಘನತೆಗೆ ಕುಂದಂತೆ. ಹಾಗಾದರೆ ಒಂದು ಪ್ರಶ್ನೆ. ನಮ್ಮ ದೇಶದಲ್ಲಿ ಯುದ್ಧಭೂಮಿಯ ಶೌರ್ಯಕ್ಕೆ ಕೊಡುವ ಅತ್ಯುನ್ನತ ಪದಕ ಪರಮವೀರ ಚಕ್ರ. ಅದು ಯಾವ ಲೋಹದ್ದು? ಕಂಚಿನದು. ಅದನ್ನು ವಿನ್ಯಾಸ ಮಾಡಿದವರು ಒಬ್ಬ ಹೆಂಗಸು, ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಭಾರತದ ಸೇನಾಧಿಕಾರಿಯನ್ನು ಮದುವೆಯಾಗಿ ಇಲ್ಲಿಯವರೇ ಆಗಿಹೋದ ಸಾವಿತ್ರಿಬಾಯಿ ಖಾನೋಲ್ಕರ್. ಬ್ರಿಟಿಷರ ವಿಕ್ಟೋರಿಯಾ ಕ್ರಾಸ್ ಕೂಡ ಕಂಚೇ. ಪ್ರಾಣ ಕೊಟ್ಟವನಿಗೆ ಕಂಚು ಸಾಕಾದರೆ, ಜಿ.ಎನ್.ಎಂ. ಮುಗಿಸಿದ ಹುಡುಗಿಗೆ ಹಿತ್ತಾಳೆ ಯಾಕೆ ಸಾಲದು?

ನಮಗೆ ದೂರವಲ್ಲದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಸಿಕೊಳ್ಳಿ. ಅಕ್ಷರ ಕಲಿಯಲಿಲ್ಲ, ಯಾವ ಶಾಲೆಯ ಪಿನ್ನನ್ನೂ ಚುಚ್ಚಿಕೊಳ್ಳಲಿಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎಂದು ಲೆಕ್ಕ ಹೇಳುತ್ತಾರೆ, ಅದೂ ದುಡ್ಡಿಗೆ ಕೈಯೊಡ್ಡದೆ. ತುಮಕೂರು ವಿಶ್ವವಿದ್ಯಾಲಯ ೨೦೧೪ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, ಸರ್ಕಾರ ೨೦೧೮ರಲ್ಲಿ ಪದ್ಮಶ್ರೀ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪದ್ಮಶ್ರೀ ಪದಕವೂ ಕಂಚಿನದೇ. ಆ ಪದಕವನ್ನು ಅವರಿಗೆ ಯಾರೂ ಮಾರಲಿಲ್ಲ, ಕೊಟ್ಟರು.

ಈ "ಕೊಡುವುದು" ಎಂಬ ಮಾತೇ ನಮ್ಮ ಸಂಸ್ಥೆಗಳಿಗೆ ಮರೆತುಹೋಗಿದೆ. ಯಾರ ಹೆಸರಿನಲ್ಲಿ ದೀಪ ಹಚ್ಚುತ್ತಾರೋ ಆ ನೈಟಿಂಗೇಲ್ ಕಥೆಯನ್ನೇ ನೋಡಿ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ಆಕೆಗೆ ವಿಕ್ಟೋರಿಯಾ ರಾಣಿ ಒಂದು ಬ್ರೂಚ್ ಕಳಿಸಿದಳು. ಅದರಲ್ಲಿ ವಜ್ರವೂ ಇತ್ತು ಎಂದು ಯಾರಾದರೂ ನನ್ನ ಬಾಯಿ ಮುಚ್ಚಿಸಬಹುದು. ಇತ್ತು, ನಿಜ. ಆದರೆ ರಾಣಿ ಅದಕ್ಕೆ ನೈಟಿಂಗೇಲಳಿಂದ ಮುಂಗಡ ಕಟ್ಟಿಸಿಕೊಳ್ಳಲಿಲ್ಲ! ಇನ್ನೂ ಮುಖ್ಯವಾದದ್ದು ಮುಂದಿದೆ. ಜನರು ಚಂದಾ ಎತ್ತಿ ಕೊಟ್ಟ ನಿಧಿಯಿಂದ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಶಾಲೆ ಶುರುವಾಯಿತು. ಅಲ್ಲಿ ಕಲಿಯಲು ಬಂದ ಹೆಣ್ಣುಮಕ್ಕಳಿಗೆ ಊಟ, ವಸತಿ, ಸಮವಸ್ತ್ರ ಕೊಟ್ಟು, ಮೇಲೆ ವರ್ಷಕ್ಕೆ ಹತ್ತು ಪೌಂಡ್ ಕೈಗೆ ಕೊಡುತ್ತಿದ್ದರು. ನೈಟಿಂಗೇಲಳ ದೀಪ ನಮಗೆ ಬೇಕು, ಪ್ರತಿಜ್ಞೆ ಬೇಕು, ಬ್ಯಾನರಿನ ಮೇಲೆ ಆಕೆಯ ಚಿತ್ರವೂ ಬೇಕು. ಆ ಶಾಲೆಯ ಲೆಕ್ಕದ ಪುಸ್ತಕ ಮಾತ್ರ ಬೇಡ.

ಈ ವೃತ್ತಿಯ ಹುಡುಗಿಯರ ಜೊತೆ ನಾವು ಆಡುವ ಎರಡು ನಾಲಿಗೆಯ ಆಟ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಸಂಬಳ ಕೇಳಿದರೆ "ಇದು ಸೇವೆ ಕಣಮ್ಮ" ಎನ್ನುತ್ತೇವೆ. ಅವಳಿಂದ ದುಡ್ಡು ಕೀಳುವಾಗ "ಇದು ಘನತೆ ಕಣಮ್ಮ" ಎನ್ನುತ್ತೇವೆ. ೨೦೨೦ರ ಮಾರ್ಚ್ ೨೨ರಂದು ನಾವೆಲ್ಲ ಜಗಲಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದೆವು, ಏಪ್ರಿಲ್ ೫ರಂದು ದೀಪ ಹಚ್ಚಿದೆವು, ಮೇ ೩ರಂದು ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿಸಿದ್ದನ್ನು ಟಿವಿಯಲ್ಲಿ ನೋಡಿದೆವು. ಅದಕ್ಕೆ ನಾಲ್ಕು ವರ್ಷ ಮುಂಚೆ, ೨೦೧೬ರ ಜನವರಿಯಲ್ಲಿ, ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳದ ಬಗ್ಗೆ ಸಮಿತಿ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ೫೦ ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ ೨೦ ಸಾವಿರಕ್ಕೆ ಕಡಿಮೆ ಕೊಡಬಾರದು, ೨೦೦ಕ್ಕಿಂತ ಹೆಚ್ಚು ಹಾಸಿಗೆ ಇರುವ ಕಡೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಅದರ ಅರ್ಧಕ್ಕೆ ರಾತ್ರಿ ಪಾಳಿ ದುಡಿದವರನ್ನು ನಾನು ಬಲ್ಲೆ. ಸಂಬಳದಲ್ಲಿ ಕಾಣದ ಘನತೆ ಪಿನ್ನಿನ ಬೆಲೆಯಲ್ಲಿ ಯಾಕೆ ಕಾಣಬೇಕು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯಲ್ಲಿ ಮಲ್ಲಿಗೆ ಮುಡಿಯುವವರ ಶೋಕಿಯಾದರೂ ಇದೆ. ಇಲ್ಲಿ ಮಲ್ಲಿಗೆಯನ್ನು ಬಲವಂತವಾಗಿ ಮಾರಿ ಮುಡಿಸುತ್ತಾರೆ.

"ಹಾಸಿಗೆ ಇದ್ದಷ್ಟು ಕಾಲು ಚಾಚಲಿ, ಆಗದವರು ಅಗ್ಗದ್ದು ತಗೊಳ್ಳಲಿ, ಆಗುವವರು ಚಿನ್ನದ್ದು ಹಾಕ್ಕೊಳ್ಳಲಿ" ಎಂದು ನಡುವಿನ ದಾರಿ ತೋರಿಸುವವರೂ ಇದ್ದಾರೆ. ಕೇಳಲು ನ್ಯಾಯವಾಗಿಯೇ ಇದೆ. ನಾನು ಒಪ್ಪುವುದಿಲ್ಲ. ಸಮವಸ್ತ್ರ ಎಂಬ ಪದದಲ್ಲಿ "ಸಮ" ಯಾಕೆ ಇದೆ? ಸರ್ಕಾರ ಶಾಲೆಯ ಮಕ್ಕಳಿಗೆ ಒಂದೇ ಬಣ್ಣದ ಬಟ್ಟೆ ಕೊಡುವುದು ಸಾಹುಕಾರರ ಮಗಳು, ಕೂಲಿಯವನ ಮಗಳು ಒಂದೇ ಬೆಂಚಿನಲ್ಲಿ ಬೇರೆಬೇರೆಯಾಗಿ ಕಾಣಬಾರದು ಎಂದು. ನರ್ಸಿನ ಪಿನ್ನು ಅವಳ ಸಮವಸ್ತ್ರದ ಕೊನೆಯ ತುಣುಕು. ಒಂದೇ ವಾರ್ಡಿನಲ್ಲಿ ಕಲಿತು, ಒಂದೇ ಬೆಡ್‌ಪ್ಯಾನ್ ತೊಳೆದು, ಒಂದೇ ಪರೀಕ್ಷೆ ಬರೆದವರು ಕೊನೆಯ ದಿನ ವೇದಿಕೆಯ ಮೇಲೆ ಚಿನ್ನದವಳು, ಬೆಳ್ಳಿಯವಳು, ಹಿತ್ತಾಳೆಯವಳು ಎಂದು ಮೂರು ಜಾತಿಯಾಗುವುದನ್ನು ನೋಡಲು ನಾವು ಸೀರೆ ಉಟ್ಟು ಹೋಗಬೇಕೇ?

ತಾಯಂದಿರ ಮಾತೂ ನನಗೆ ಗೊತ್ತು. "ಜೀವನದಲ್ಲಿ ಒಂದೇ ದಿನ ಮೇಡಂ, ಸಾಲ ಆದರೂ ಪರವಾಗಿಲ್ಲ, ಮಗಳು ಚೆಂದ ಕಾಣಲಿ" ಎಂದು ಅದೇ ತರಗತಿಯ ಇನ್ನೊಬ್ಬ ಹುಡುಗಿಯ ತಾಯಿ ನನಗೆ ಫೋನಿನಲ್ಲಿ ಹೇಳಿದರು. ಆ ಆಸೆಯನ್ನು ನಾನು ಹಗುರ ಮಾಡುವುದಿಲ್ಲ. ತಾನು ಸಹಿ ಹಾಕಲು ಹೆಬ್ಬೆಟ್ಟು ಒತ್ತಿದವಳು ಮಗಳ ಹೆಸರನ್ನು ಮೈಕಿನಲ್ಲಿ ಕೇಳುವ ದಿನ ಅದು. ಆದರೆ ತಾಯೀ, ನಿಮ್ಮ ಮಗಳು ಚೆಂದ ಕಾಣುವುದು ಅವಳ ಇಸ್ತ್ರಿ ಮಾಡಿದ ಸಮವಸ್ತ್ರದಿಂದ, ಧೈರ್ಯದ ಮುಖದಿಂದ. ಚಿನ್ನದ ನೀರು ಕುಡಿಸಿದ ಪಿನ್ನು ಬೆವರಿಗೆ, ಉಜ್ಜಾಟಕ್ಕೆ ಬಣ್ಣ ಬಿಡುತ್ತದೆ. ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮತ್ತೆ ಹೊಳೆಯುತ್ತದೆ; ದೇವರ ಮನೆಯ ದೀಪ ಬೆಳಗುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು ಎಲ್ಲ ಹುಡುಗಿಯರಿಗೂ ತಿಳಿದಿರಲಿ. ಪಿನ್ನು ಇಲ್ಲದಿದ್ದರೆ ಕೆಲಸ ಸಿಗುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಅದು ಸುಳ್ಳು. ನರ್ಸಾಗಿ ಕೆಲಸ ಮಾಡುವ ಹಕ್ಕು ಬರುವುದು ಪರೀಕ್ಷೆ ಪಾಸಾಗಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸುವುದರಿಂದ. ಕೌನ್ಸಿಲ್ ಕೇಳುವುದು ಅಂಕಪಟ್ಟಿ, ಪ್ರಮಾಣಪತ್ರ. ಎದೆಯ ಮೇಲೆ ಏನು ಹೊಳೆಯುತ್ತದೆ ಎಂದಲ್ಲ. ಕೈಯಲ್ಲಿರುವ ಹಣವನ್ನು ಮೊದಲು ನೋಂದಣಿಗೆ ಎತ್ತಿಡಿ.

ಹಾಗಿದ್ದರೆ ಪಿನ್ನೇ ಬೇಡ ಎನ್ನಬಾರದೇಕೆ? ಅದು ಪರದೇಶದ ಪದ್ಧತಿ ತಾನೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಓದಿನ ಗುರುತಾಗಿ ಮನೆಗೆ ಬಂದ ಮೊದಲ ವಸ್ತು ಅದು. ಗೋಡೆಯ ಗಣಪತಿ ಪಟದ ಪಕ್ಕದಲ್ಲಿ ಅದನ್ನು ಸಿಕ್ಕಿಸಿಟ್ಟದ್ದನ್ನು ನೋಡಿದ್ದೇನೆ. ಬೇಕು ಎಂದೇ ಅದು ಎಲ್ಲರಿಗೂ ಸಿಗಬೇಕು ಎನ್ನುತ್ತೇನೆ.

ಬರೀ ಬೈದರೆ ಆಗದು, ದಾರಿಯನ್ನೂ ಹೇಳಬೇಕು. ಆ ಹುಡುಗಿಯ ತರಗತಿಯಲ್ಲಿ ನಲವತ್ತು ಜನ. ಬೆಂಗಳೂರಿನಲ್ಲಿ ಶಾಲೆಗಳಿಗೆ ಬ್ಯಾಡ್ಜು, ಪದಕ ಮಾಡಿಕೊಡುವ ಒಬ್ಬರನ್ನು ಫೋನಿನಲ್ಲಿ ಹಿಡಿದು ವಿಚಾರಿಸಿದೆವು. ಅಚ್ಚಿನ ಖರ್ಚೂ ಸೇರಿ ನಲವತ್ತಕ್ಕೆ ಹಂಚಿದರೆ ಒಂದಕ್ಕೆ ನೂರೈವತ್ತರ ಒಳಗೆ ಬಂತು. ಸಾವಿರದ ಇನ್ನೂರೆಲ್ಲಿ, ನೂರೈವತ್ತೆಲ್ಲಿ! ಆ ಮಾತುಕತೆಯಿಂದ ಮತ್ತು ವಾರ್ಡಿನಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿನಿಯರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯ ಹುಡುಗಿಗೂ ಉಪಯೋಗಕ್ಕೆ ಬಂದೀತು.

ಪಿನ್ನಿನಲ್ಲಿ ದುಬಾರಿಯಾದದ್ದು ಅಚ್ಚು. ಹತ್ತು ಪಿನ್ನು ಒತ್ತಿದರೂ ಅಚ್ಚಿನ ಖರ್ಚು ಅಷ್ಟೇ, ನೂರು ಒತ್ತಿದರೂ ಅಷ್ಟೇ. ಆದ್ದರಿಂದ ಒಬ್ಬೊಬ್ಬರಾಗಿ ಕೊಳ್ಳದೆ ತರಗತಿಯೆಲ್ಲ ಸೇರಿ ಒಂದೇ ಸಲ ಹೇಳಬೇಕು. ಅಚ್ಚಿನಲ್ಲಿ ವರ್ಷ ಹಾಕಿಸಬಾರದು. ಸಂಸ್ಥೆಯ ಹೆಸರು, ಓದಿನ ಹೆಸರು, ದೀಪ ಸಾಕು. ಆಗ ಅದೇ ಅಚ್ಚು ಮುಂದಿನ ವರ್ಷದ ತಂಗಿಯರಿಗೂ ಬರುತ್ತದೆ, ಅವರ ಪಿನ್ನು ಇನ್ನೂ ಅಗ್ಗವಾಗುತ್ತದೆ. ಹಿಂಬದಿಯಲ್ಲಿ ಒಬ್ಬೊಬ್ಬರ ಹೆಸರು ಕೆತ್ತಿಸುವುದು ಬೇಡ, ಕೂಲಿ ಏರುತ್ತದೆ. ಹಿತ್ತಾಳೆಯ ಮೇಲೆ ಎರಡು ಬಣ್ಣದ ಮೀನಾ ಇದ್ದರೆ ನೋಡಲು ಲಕ್ಷಣವಾಗಿರುತ್ತದೆ. ಬಣ್ಣ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಹರಳು ಬೇಡವೇ ಬೇಡ. ಅಂಚು ಗುಂಡಗಿರಲಿ, ಚೂಪು ಮೂಲೆ ಇರಬಾರದು. ಎತ್ತಿಕೊಂಡ ಕೂಸಿನ ಕೆನ್ನೆಗೆ, ಬಗ್ಗಿ ಎಬ್ಬಿಸುವ ಮುದುಕರ ತೆಳು ಚರ್ಮಕ್ಕೆ ಅದು ಗೀರಬಾರದಲ್ಲ. ಹಿಂದೆ ಕೊಂಡಿ ಭದ್ರವಾಗಿ ಮುಚ್ಚುವ ಸೂಜಿ ಇರಲಿ. ಅಯಸ್ಕಾಂತದ್ದು ಬೇಡ, ಎದೆಯಲ್ಲಿ ಪೇಸ್‌ಮೇಕರ್ ಇರುವ ರೋಗಿಯ ಹತ್ತಿರ ಅದು ಒಳ್ಳೆಯದಲ್ಲ. ಗಾತ್ರ ರೂಪಾಯಿ ನಾಣ್ಯದಷ್ಟಿದ್ದರೆ ಸಾಕು. ಕಳೆದುಕೊಂಡವರಿಗೆಂದು ನಾಲ್ಕು ಹೆಚ್ಚಿಗೆ ಮಾಡಿಸಿ. ಮಖಮಲ್ಲಿನ ಪೆಟ್ಟಿಗೆಯ ಬದಲು ಒಂದು ಬಟ್ಟೆಯ ಚೀಲ ಸಾಲದೇ?

ನಲವತ್ತು ಹುಡುಗಿಯರೂ ಹಾಜರಿ ಪುಸ್ತಕದ ಕ್ರಮದಲ್ಲಿ ಸಹಿ ಹಾಕಿ ಅರ್ಜಿ ಕೊಟ್ಟರು. ಮೊದಲ ಸಹಿ ಯಾರದು ಎಂದು ಯಾರನ್ನೂ ಹಿಡಿದು ಕೇಳುವಂತಿರಲಿಲ್ಲ. ಹದಿನೈದು ದಿನ ಎಳೆದಾಡಿ ಸಂಸ್ಥೆಯವರು ಹಿತ್ತಾಳೆಯ ಪಿನ್ನಿಗೆ ಒಪ್ಪಿದರು. ಪೆಟ್ಟಿಗೆಯನ್ನು ಮಾತ್ರ ಬಿಡಲಿಲ್ಲ, ಆಗಲೇ ತರಿಸಿಬಿಟ್ಟಿದ್ದರಂತೆ. ನೂರೈವತ್ತರ ಪಿನ್ನು, ಇನ್ನೂರರ ಪೆಟ್ಟಿಗೆ! ಆದರೂ ನಲವತ್ತಕ್ಕೆ ನಲವತ್ತು ಜನ ವೇದಿಕೆ ಹತ್ತಿದರು.

ಆ ಇನ್ನೂರೂ ಹುಡುಗಿಯರ ಮೇಲೆ ಬೀಳಬೇಕಿರಲಿಲ್ಲ. ಇಂಥ ಸಮಾರಂಭಗಳನ್ನು ನಾನು ಕಂಡಿದ್ದೇನೆ. ವೇದಿಕೆಯ ಮೇಲೆ ಎಂಟು ಹತ್ತು ಗಣ್ಯರು; ಒಬ್ಬೊಬ್ಬರಿಗೂ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಅವರಲ್ಲಿ ಯಾರೂ ಮುಂಗಡ ಕಟ್ಟಿ ಪೇಟ ಹಾಕಿಸಿಕೊಂಡದ್ದನ್ನು ನಾನು ಕೇಳಿಲ್ಲ. ಮೂರು ವರ್ಷ ಫೀಸು ಕೊಟ್ಟು, ನಿದ್ದೆಗೆಟ್ಟು ಕಲಿತವಳು ತನ್ನ ಗುರುತಿಗೆ ತಾನೇ ದುಡ್ಡು ಕಟ್ಟಬೇಕು. ಒಂದು ಗಂಟೆ ಕುರ್ಚಿಯಲ್ಲಿ ಕೂತು ಹೋಗುವವರಿಗೆ ಎಲ್ಲ ಬಿಟ್ಟಿ. ಗಣ್ಯರನ್ನು ಮೂವರಿಗೆ ಇಳಿಸಿದರೆ ಇಡೀ ತರಗತಿಯ ಪಿನ್ನಿನ ಖರ್ಚು ಬಹುಮಟ್ಟಿಗೆ ಹುಟ್ಟುತ್ತದೆ.

ನಮ್ಮೂರಿನ ಗುರು ತಿಪ್ಪೇರುದ್ರಸ್ವಾಮಿಗಳ ಮಾತು ನಾಡಿಗೆಲ್ಲ ಗೊತ್ತು: ಮಾಡಿದಷ್ಟು ನೀಡು ಭಿಕ್ಷೆ. ದುಡಿದವನಿಗೆ ದುಡಿದಷ್ಟು ಸಲ್ಲಬೇಕು ಎಂದೇ ನಮ್ಮ ಹಿರಿಯರು ಅದಕ್ಕೆ ಅರ್ಥ ಹೇಳಿಕೊಟ್ಟದ್ದು. ಜಾತ್ರೆಯಲ್ಲಿ ಮುಕ್ತಿ ಬಾವುಟದ ಹರಾಜು ಲಕ್ಷಗಳಿಗೆ ಏರುತ್ತದಲ್ಲ ಟೀಚರ್, ಅದನ್ನೇಕೆ ಕೇಳುವುದಿಲ್ಲ ಎಂದು ಒಬ್ಬರು ಕೆಣಕಿದರು. ಬಾವುಟ ಕೂಗುವವರು ಉಳ್ಳವರು, ಮನಸ್ಸಿದ್ದು ಕೂಗುತ್ತಾರೆ. ಕೂಗದವನನ್ನು ತೇರಿನ ಹತ್ತಿರ ಬರಬೇಡ ಎಂದು ಯಾರೂ ತಳ್ಳುವುದಿಲ್ಲ. ಹಗ್ಗಕ್ಕೆ ಎಲ್ಲರೂ ಕೈ ಹಚ್ಚುತ್ತಾರೆ. ಪದವಿಯ ವೇದಿಕೆಗೂ ಅಷ್ಟು ನ್ಯಾಯ ಇರಲಿ ಎಂದಷ್ಟೇ ನಾನು ಕೇಳುತ್ತಿರುವುದು.

ಆದ್ದರಿಂದ ಅಕ್ಕತಂಗಿಯರೇ, ಮುಂದೆ ನಿಮ್ಮ ಮಗಳೋ, ಸೊಸೆಯೋ, ಪಕ್ಕದ ಮನೆಯ ಹುಡುಗಿಯೋ ಇಂಥ ಚೀಟಿ ಹಿಡಿದು ಬಂದರೆ ಸೆರಗಿನ ಗಂಟು ಬಿಚ್ಚುವ ಮೊದಲು ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಕಳಿಸಿ. ಈ ಬೆಲೆ ಯಾವ ಅಂಗಡಿಯದು, ರಸೀದಿ ತೋರಿಸುತ್ತೀರಾ? ತರಗತಿಗೆಲ್ಲ ಒಂದೇ ಪಿನ್ನೇ? ಹಣ ಕಟ್ಟಲಾಗದ ಹುಡುಗಿಯನ್ನೂ ಹೆಸರು ಹಿಡಿದು ವೇದಿಕೆಗೆ ಕರೆಯುತ್ತೀರಾ? ಒಬ್ಬರೇ ಬರೆಯಲು ಅಳುಕಾದರೆ ನಾಲ್ಕು ಮನೆಯವರು ಸೇರಿ ಬರೆಯಿರಿ. ಮೂರನೆಯ ಪ್ರಶ್ನೆಗೆ ಉತ್ತರ ಬರುವ ತನಕ ಹಣ ಕಟ್ಟಬೇಡಿ.